ಗೌಡನ ಚಪ್ಪರದಡಿ ಸೇರಿದ ಮೀನು

ಒಂದಾನೊಂದು ಕಾಲದಲ್ಲಿ, ಅಂದರೆ ಮಳೆ ತುಂಬಿಸಿದ ಕೆರೇನೂ ನಂದೇ ಅನ್ನೋ ಗೌಡರು ಇದ್ದ ಕಾಲದಲ್ಲಿ, ಕೆಂಚವ್ವ ಅಂತ ಬೆಸ್ತರ ಹೆಂಗಸೊಬ್ಬಳಿದ್ದಳಂತೆ. ಅವಳಿಗೆ ಮೂರು ಹೆಣ್ಣುಮಕ್ಕಳು, ದ್ಯಾವಿ, ಸಾಕಿ, ಕಿರಿಯವಳು ಮುದ್ದಿ. ಬೆಳಗಿನ ಮಬ್ಬಲ್ಲಿ, ಸಂಜೆ ಮಬ್ಬಲ್ಲಿ ಬಲೆ ಬೀಸೋರು, ಯಾಕೆಂದರೆ ಮೀನು ಮೇಲೆ ಬಂದು ಮೇಯೋದು ಆವಾಗಲೇ, ಬಿಸಿಲೇರಿದರೆ ಆಳಕ್ಕೆ ಇಳಿದುಬಿಡುತ್ತೆ.

ಇದು ಗೌಡನಿಗೂ ಗೊತ್ತಿತ್ತಂತೆ. ಗೊತ್ತಿದ್ದೇ ಡಂಗುರ ಹೊಡೆಸಿದ, ಮಬ್ಬಲ್ಲಿ ಬಲೆ ಬೀಸೋರು ಕಳ್ಳರು, ಬೆಸ್ತರು ನಡುಮಧ್ಯಾಹ್ನ ಮಾತ್ರ ಹಿಡೀಬೇಕು ಅಂತ. ಬೆಳಗ್ಗೆ ಸಂಜೆ ಅವನ ಆಳುಗಳೇ ಹಿಡಿದರಂತೆ. ಅವರು ಕಳ್ಳರಲ್ಲವೇನಜ್ಜಿ ಅಂತೀಯ? ನ್ಯಾಯ ಹೇಳೋನೂ ಅವನೇ ಕಣೇ, ಸುಮ್ನೆ ಕೇಳು.

ಕೆಂಚವ್ವ ಹೋಗಿ, ಬಿಸಿಲಲ್ಲಿ ಮೀನೆಲ್ಲಿ ಸಿಗುತ್ತೆ ಸ್ವಾಮಿ, ಮಕ್ಕಳು ಏನು ತಿನ್ನಬೇಕು ಅಂದಳಂತೆ. ಗೌಡ ಊರವರ ಮುಂದೆಯೇ ನಕ್ಕು, ಮೂರು ಮಧ್ಯಾಹ್ನ ಕೊಡ್ತೀನಿ, ದಿನಕ್ಕೊಬ್ಬಳು ಒಂದೇ ಸಲ ಬಲೆ ಬೀಸಲಿ, ಒಂದು ಕುಕ್ಕೆ ತುಂಬಿದರೆ ಕೆರೆ ಮೂರು ಹೊತ್ತೂ ನಿಮ್ಮದೇ, ತುಂಬದಿದ್ದರೆ ಊರು ಬಿಡಿ ಅಂದನಂತೆ. ಆಮೇಲೆ ಈ ತಮಾಷೆ ನೋಡೋಕೆ ಅಂತ ಕೆರೆಯಂಚಲ್ಲಿ, ನೀರಿನ ಮೇಲಕ್ಕೇ ಚಾಚೋ ಹಾಗೆ, ತೆಂಗಿನ ಗರಿಯ ಚಪ್ಪರ ಹಾಕಿಸಿದನಂತೆ. ಅವನ ತಲೆಗೆ ಮಾತ್ರ ಬಿಸಿಲು ತಾಗಬಾರದು.

ಮೊದಲನೇ ದಿನ ದ್ಯಾವಿ ಹರಿಗೋಲಲ್ಲಿ ನಡುಕೆರೆಗೆ ಹೋಗಿ ಬೀಸಿದಳಂತೆ. ಬಂದಿದ್ದು ಪಾಚಿ. ಗೌಡ ಚಪ್ಪರದೊಳಗಿಂದ, ಏನವ್ವ, ಪಲ್ಯಕ್ಕಾಯಿತಾ ಅಂದನಂತೆ. ಎರಡನೇ ದಿನ ಸಾಕಿ, ಮೀನಿಗೆ ನೆರಳು ಬೇಕಲ್ವಾ ಅಂತ ಹರಿಗೋಲಿನ ಮೇಲೆ ಚಾಪೆ ಕಟ್ಟಿ, ಆ ನೆರಳು ಎಳಕೊಂಡು ಕೆರೆಯೆಲ್ಲ ಸುತ್ತಿ ಆಮೇಲೆ ಬೀಸಿದಳಂತೆ. ಒಂದು ಮರಿಯೂ ಇಲ್ಲ. ಮನೇಲಿ ಅಕ್ಕಂದಿರು ಅಳ್ತಾ ಪಾತ್ರೆ ಗಂಟು ಕಟ್ಟೋಕೆ ಕೂತರು. ಮುದ್ದಿ ಅಂದಳಂತೆ, ಅಕ್ಕ, ಓಡೋ ನೆರಳು ಕಂಡರೆ ಮೀನಿಗೆ ಹದ್ದು ಬಂದ ಹಾಗೆ, ಅದಕ್ಕೆ ನಿಂತ ನೆರಳು ಬೇಕು. ಒಂದು ದಿನದಲ್ಲಿ ಅದನ್ನ ಎಲ್ಲಿಂದ ತರ್ತೀಯೇ ಅಂತ ಅವ್ವ ಬೈದಳು. ತರೋದೇನವ್ವ, ಗೌಡರೇ ಹಾಕಿಸಿದ್ದಾರಲ್ಲ ಅಂದಳಂತೆ.

ಮೂರನೇ ಮಧ್ಯಾಹ್ನ ಮುದ್ದಿ ಹರಿಗೋಲು ಮುಟ್ಟಲಿಲ್ಲ. ದಡದ ಮೇಲೆ ಬೆಕ್ಕಿನ ಹಾಗೆ ನಡೆದು ಬಂದು, ತನ್ನ ನೆರಳು ನೀರಿಗೆ ಬೀಳದಂತೆ ಕೂತು, ಗೌಡನ ಕಾಲ ಬುಡದಲ್ಲೇ ಬಲೆ ಬೀಸಿದಳಂತೆ. ಮೂರು ದಿನದಿಂದ ಅಲ್ಲಾಡದೆ ನಿಂತಿದ್ದ ತಂಪು ಅದು, ಗೆಂಡೆ ಮೀನು, ಕುಚ್ಚು ಮೀನು ಎಲ್ಲ ಬಂದು ಅಲ್ಲೇ ಸೇರಿದ್ದವು. ಎಳೆಯೋಕೆ ಅಕ್ಕಂದಿರೂ ಕೈ ಹಾಕಬೇಕಾಯಿತಂತೆ, ಕುಕ್ಕೆ ತುಂಬಿ ಚೆಲ್ಲಿತಂತೆ.

ಗೌಡ ಎದ್ದು, ಚಪ್ಪರ ನಂದು, ನೆರಳು ನಂದು, ಮೀನೂ ನಂದೇ ಅಂತ ಕೂಗಿದನಂತೆ. ಮುದ್ದಿ, ಚಪ್ಪರ ನಿಮ್ಮದೇ ಗೌಡರೇ, ಬಿಚ್ಚಿಕೊಂಡು ಹೋಗಿ, ನೆರಳೂ ನಿಮ್ಮದಾದರೆ ಸುತ್ತಿ ಕಂಕುಳಲ್ಲಿ ಇಟ್ಕೊಳ್ಳಿ ಅಂದಳಂತೆ. ಊರೆಲ್ಲ ನಕ್ಕಿತು. ಹಾಗೆ ನಕ್ಕುಬಿಟ್ಟ ಮೇಲೆ ಅವನಿಗೆ ಯಾರು ಹೆದರ್ತಾರೆ? ಮಾರನೇ ದಿನ ಬೆಳಗಿನ ಮಬ್ಬಲ್ಲೇ ಬೆಸ್ತರ ಕೇರಿಯ ಬಲೆಗಳೆಲ್ಲ ನೀರಿಗಿಳಿದವಂತೆ, ತಡೆಯೋಕೆ ಒಬ್ಬನೂ ಬರಲಿಲ್ಲವಂತೆ. ಚಪ್ಪರ ಬಿಚ್ಚೋಕೂ ಗೌಡ ಬರಲಿಲ್ಲ. ಆ ಕೇರಿಯೋರೇ ಈಗಲೂ ಅದಕ್ಕೆ ವರ್ಷಕ್ಕೊಂದು ಸಲ ಹೊಸ ಗರಿ ಹೊದಿಸ್ತಾರಂತೆ, ಮೀನಿಗೆ ಅಂತ.

ಕತೆ ಮುಗೀತು, ದೀಪ ಸಣ್ಣ ಮಾಡು ಮಗಾ. ಮಬ್ಬಾದರೆ ಏಳೋದು ಮೀನು, ನೀನು ಮಲಗು.