ಬೋರಲು ಬುಟ್ಟಿ

ಹತ್ತಿರ ಬನ್ನಿ, ಕಾಲು ಮಡಿಸಿ ಕೂತುಕೊಳ್ಳಿ. ಗುಸುಗುಸು ಸಾಕು, ಹೇಳುತ್ತೇನೆ.

ಹೊಳೆದಂಡೆಯ ಮಠದಲ್ಲಿ ಅಡವಯ್ಯ ಅಂತ ಒಬ್ಬರು ಗುರುಗಳು. ಅವರಿಗೆ ಇಬ್ಬರು ಶಿಷ್ಯರು, ಶಂಭುಲಿಂಗ, ಕೊಟ್ರಪ್ಪ. ಗುರುಗಳು ಇಬ್ಬರಿಗೂ ಒಂದೊಂದು ಸೇವಂತಿಗೆ ಸಸಿ, ಒಂದೊಂದು ಬುಟ್ಟಿ ಕೊಟ್ಟರು.

"ಬುಟ್ಟಿ ತುಂಬ ಹೂ ತಂದವನಿಗೆ ಈ ತೋಟ. ಇನ್ನೊಬ್ಬ ಹೊಳೆಯಾಚೆಯ ಮಠಕ್ಕೆ."

ಶಂಭುಲಿಂಗನಿಗೆ ಗುರುಗಳನ್ನು ಬಿಟ್ಟಿರುವುದೆಂದರೆ ಜೀವ ಹೋದ ಹಾಗೆ.

ಒಂದು ಬೆಳಿಗ್ಗೆ ನೋಡುತ್ತಾನೆ, ಅವನ ಸಸಿಗೆ ತುದಿಯ ಕುಡಿಯೇ ಇಲ್ಲ. ಉಗುರಿನಲ್ಲಿ ಚಿವುಟಿದ ಗುರುತು.

ನೆಟ್ಟಗೆ ಹೋಗಿ ಕೊಟ್ರಪ್ಪನ ಕೈ ಹಿಡಿದ. ಉಗುರೆಲ್ಲ ಹಸಿರು.

"ಏನಪ್ಪಾ, ನನ್ನ ಉಗುರಲ್ಲಿ ನಿನ್ನ ಜಾತಕ ಇದೆಯಾ? ಮೆಂತ್ಯ ಸೊಪ್ಪು ಬಿಡಿಸಿದೆ ಕಣೋ."

ಶಂಭುಲಿಂಗ ನಂಬಲಿಲ್ಲ. ಸಸಿಯ ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲು ಹೇರಿದ. ಕೊಟ್ರಪ್ಪ ಸ್ನಾನಕ್ಕಿಳಿದಾಗಲೆಲ್ಲ ಅವನ ಗಿಡದ ಕುಡಿ ಚಿವುಟಿದ. ಚಿಗುರಿದರೆ ಮತ್ತೆ ಚಿವುಟಿದ.

ಅಡವಯ್ಯನವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಹೂವಿನ ಕಾಲ ಬಂತು. ಕೊಟ್ರಪ್ಪನ ಗಿಡ ಚಿವುಟಿದಲ್ಲೆಲ್ಲ ಕವಲೊಡೆದು, ಎಲೆ ಕಾಣದಷ್ಟು ಹೂ. ಶಂಭುಲಿಂಗ ಬುಟ್ಟಿ ಎತ್ತಿದ. ಬಿಳಿಚಿಕೊಂಡ ಉದ್ದುದ್ದ ಎಳೆಗಳು, ಹೂವಿಲ್ಲ.

ಗುರುಗಳ ಕಾಲಿಗೆ ಬಿದ್ದ.

"ಅವನ ಕುಡಿ ಚಿವುಟಿದ್ದು ನಾನು. ಆದರೆ ಮೊದಲು ನನ್ನದನ್ನು ಅವನೇ ಚಿವುಟಿದ್ದ."

"ನಿನ್ನದನ್ನು ಚಿವುಟಿದ್ದು ನಾನು."

"ನೀವಾ?"

"ತುದಿಯ ಕುಡಿ ತನ್ನ ರಸದಲ್ಲೇ ಕೆಳಗಿನ ಗೆಣ್ಣುಗಳಿಗೆಲ್ಲ ಮಲಗಿರಿ ಅಂತ ಹೇಳಿಕಳಿಸುತ್ತಿರುತ್ತದೆ. ಒಂದೊಂದು ಗೆಣ್ಣಿನಲ್ಲೂ ಇಡೀ ಗಿಡದ ಬರಹ ಇದೆ. ಆ ಮಾತು ನಿಂತರೆ ಬರಹ ತೆರೆಯುತ್ತದೆ, ಕವಲು ಏಳುತ್ತದೆ."

"ಮತ್ತೆ ಅವನದನ್ನು ಯಾಕೆ ಚಿವುಟಲಿಲ್ಲ?"

"ಮರುದಿನ ಚಿವುಟೋಣ ಅಂತಿದ್ದೆ. ನನಗಿಂತ ಮುಂಚೆ ನೀನೇ ಹೋದೆಯಲ್ಲ."

"ನನ್ನ ಗಿಡದಲ್ಲಿ ಬರಹ ತೆರೆಯಲೇ ಇಲ್ಲವಾ?"

"ತೆರೆಯಿತು. ಕತ್ತಲಲ್ಲಿ ತೆರೆದು, ಬೆಳಕು ಹುಡುಕಿ ಹುಡುಕಿ ಸೊರಗಿತು."

ತೋಟ ಕೊಟ್ರಪ್ಪನದಾಯಿತು, ಮುದುಕನಾಗುವ ತನಕ ಅಲ್ಲೇ ಮಣ್ಣು ಕೆದಕಿಕೊಂಡಿದ್ದ. ಅಡವಯ್ಯನವರು ಇನ್ನೂ ಹನ್ನೆರಡು ವರ್ಷ ಅದೇ ಕಟ್ಟೆಯ ಮೇಲೆ ಕೂತರು. ಶಂಭುಲಿಂಗ ಹೊಳೆಯಾಚೆ ತೋಟ ಮಾಡಿದ. ಅದಕ್ಕೆ ಬೇಲಿಯೇ ಇರಲಿಲ್ಲವಂತೆ.

ಅವನು ದೋಣಿ ಹತ್ತಿದ ದಿನ ಗುರುಗಳು ಆ ಬುಟ್ಟಿಯನ್ನು ತಂದು ಅವನ ಕೈಗೆ ಕೊಟ್ಟರು.

"ಮರೆತು ಹೊರಟೆಯಲ್ಲೋ. ಅಲ್ಲಿ ಇದನ್ನು ನೆಟ್ಟಗಿಡು."