ಐದು, ಐದು, ಹತ್ತು

"ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?" ಎಂದು ಶಿಷ್ಯನು ಕೇಳಿದನು.

"ತಪ್ಪೆಂದವರು ಯಾರು?"

"ಜೊತೆಯವರು. ತ್ರಿಭುಜದ ಮೂರು ಬದಿಗಳ ಅಳತೆ ಕಿವಿಗೆ ಬಿದ್ದರೆ ಸಾಕು, ಅವರು ಬಳಪ ಹಿಡಿಯುವ ಮೊದಲೇ ನಾನು ಅದು ಯಾವ ಬಗೆಯದೆಂದು ಹೇಳಿಬಿಡುತ್ತೇನೆ. ಅದಕ್ಕೆ ನನ್ನನ್ನು ಜಂಬಗಾರನೆನ್ನುತ್ತಾರೆ."

"ಐದು, ಐದು, ಹತ್ತು" ಎಂದರು ಗುರುಗಳು.

"ಸಮದ್ವಿಬಾಹು" ಎಂದನು ಶಿಷ್ಯನು, ಅವರ ಮಾತು ಮುಗಿಯುತ್ತಲೇ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನೆಲ ಅಳೆಯುವವಳೊಬ್ಬಳಿದ್ದಳು. ತಂದೆಯ ನಂತರ ಅಳತೆಯ ಹಗ್ಗ ಆಗಷ್ಟೇ ಅವಳ ಕೈಗೆ ಬಂದಿತ್ತು. ತಾನು ಅಳೆದುದನ್ನು ಇನ್ನೊಬ್ಬರು ಮತ್ತೆ ಅಳೆಯಬೇಕಾಗಿಲ್ಲ ಎಂಬ ಹೆಮ್ಮೆ ಅವಳಿಗೆ. ಅದನ್ನು ಅವಳು ಮುಚ್ಚಿಟ್ಟುಕೊಂಡವಳಲ್ಲ.

ಮೂರುಮೂಲೆಯ ನೆಲಕ್ಕೆ ಆ ಊರಿನಲ್ಲಿ ಒಂದು ರೂಢಿಯ ಲೆಕ್ಕವಿತ್ತು. ಎರಡು ಬದಿ ಕೂಡಿ ಅರ್ಧ ಮಾಡುವುದು, ಮೂರನೆಯದರ ಅರ್ಧದಿಂದ ಗುಣಿಸುವುದು. ನೆಲ ಇದ್ದುದಕ್ಕಿಂತ ಹೆಚ್ಚೇ ಬರುತ್ತಿತ್ತು. ಆದುದರಿಂದ ಯಾರೂ ಆ ಲೆಕ್ಕವನ್ನು ಪ್ರಶ್ನಿಸಿರಲಿಲ್ಲ.

ಅವಳಿಗೂ ಒಂದು ಮೂರುಮೂಲೆಯ ನೆಲವಿತ್ತು. ಬದಿಗಳು ಹದಿಮೂರು, ಹದಿನಾಲ್ಕು, ಹದಿನೈದು ಮಾರು. ಅದು ಒಬ್ಬ ರೈತನ ಬಾವಿಗೆ ಹೊಂದಿಕೊಂಡಿತ್ತು. ರೈತನ ಹೊಲ ಅವಳ ಮನೆಗೆ ಹೊಂದಿಕೊಂಡಿತ್ತು. ನೆಲಕ್ಕೆ ನೆಲ ಬದಲಾಯಿಸಿಕೊಳ್ಳಲು ಇಬ್ಬರೂ ಒಪ್ಪಿದರು.

ರೂಢಿಯಂತೆ ಅವಳ ನೆಲ ತೊಂಬತ್ತೆಂಟು ಚದರ ಮಾರು. ರೈತನು ತನ್ನ ಹೊಲದಲ್ಲಿ ಏಳು ಮಾರು ಅಗಲ, ಹದಿನಾಲ್ಕು ಮಾರು ಉದ್ದಕ್ಕೆ ಗೂಟ ನೆಟ್ಟನು. ಊರಗೌಡನು ಸಾಕ್ಷಿಗೆ ಬಂದನು.

ಅವಳು ತನ್ನ ಮೂರು ಬದಿಗಳನ್ನು ಕೂಡಿ ಅರ್ಧ ಮಾಡಿದಳು. ಇಪ್ಪತ್ತೊಂದು ಬಂದಿತು. ಅದರಿಂದ ಒಂದೊಂದೇ ಬದಿಯನ್ನು ಕಳೆದಳು. ಎಂಟು, ಏಳು, ಆರು ಉಳಿದವು. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದಳು.

"ಎಂಬತ್ತನಾಲ್ಕು" ಎಂದಳು. ಉದ್ದದ ತುದಿಯಲ್ಲಿದ್ದ ರೈತನ ಗೂಟಗಳನ್ನು ಕಿತ್ತು ಎರಡು ಮಾರು ಹಿಂದಕ್ಕೆ ನೆಟ್ಟಳು.

"ನಷ್ಟ ನಿನಗೇ ಅಲ್ಲವೇನಮ್ಮ?" ಎಂದನು ರೈತನು.

ಗೌಡನು ನಕ್ಕನು. "ನೆಲವನ್ನೇ ಒಗೆದು ಒಣಹಾಕಿದ್ದಾಳೆ ಕಣಯ್ಯಾ, ಕುಗ್ಗಿಹೋಗಿದೆ." ಅವನಿಗೂ ಮೂರುಮೂಲೆಯ ಹೊಲವಿತ್ತು. ಅದು ನೆನಪಾಗಿ ನಗು ನಿಂತಿತು. "ಇವತ್ತು ನಿನ್ನ ನೆಲ ಕುಗ್ಗಿತು, ನಾಳೆ ಊರಿನದೆಲ್ಲ ಕುಗ್ಗುತ್ತದೆ. ಹಿರಿಯರ ಲೆಕ್ಕ ಒಪ್ಪು. ಇಲ್ಲದಿದ್ದರೆ ಹಗ್ಗ ಇಲ್ಲಿಟ್ಟು ಹೋಗು."

ಅವಳು ಹಗ್ಗ ಬಿಡಲಿಲ್ಲ. ಎರಡು ಗೂಟಗಳನ್ನು ಹತ್ತು ಮಾರು ಅಂತರದಲ್ಲಿ ನೆಟ್ಟು ನಡುವೆ ಹಗ್ಗ ಬಿಗಿದಳು. ಆಮೇಲೆ ಐದು ಮಾರಿನ ಎರಡು ತುಂಡುಗಳನ್ನು ತೆಗೆದು, ಒಂದೊಂದು ಗೂಟಕ್ಕೆ ಒಂದೊಂದನ್ನು ಕಟ್ಟಿದಳು.

"ಗೌಡರೇ, ಐದು, ಐದು, ಹತ್ತು. ಹಿರಿಯರ ಲೆಕ್ಕದಲ್ಲಿ ಎಷ್ಟು?"

"ಇಪ್ಪತ್ತೈದು."

"ಈ ಎರಡು ತುದಿಗಳನ್ನು ಕೂಡಿಸಿ. ಇಪ್ಪತ್ತೈದರಲ್ಲಿ ನಿಮಗೆ ಬೇಕಾದ ಕಡೆ ರಾಗಿ ಬಿತ್ತಿಕೊಳ್ಳಿ."

ಗೌಡನು ಬಗ್ಗಿ ಎರಡು ತುದಿಗಳನ್ನು ಎಳೆದನು. ಅವು ಒಂದೇ ಒಂದು ಕಡೆ ಕೂಡಿದವು, ಬಿಗಿದ ಹಗ್ಗದ ಮೇಲೆಯೇ. ಹಗ್ಗದ ಮೇಲೆ ಹಗ್ಗ ಮಲಗಿತು. ಒಳಗೆ ಒಂದು ಕಾಳಿಗೂ ಜಾಗವಿರಲಿಲ್ಲ. ಹಗ್ಗ ಇಟ್ಟು ಹೋಗೆಂದು ಅವನು ಮತ್ತೆ ಹೇಳಲಿಲ್ಲ.

ಅವಳು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಹದಿನಾಲ್ಕು ಚದರ ಮಾರು ಬಿಟ್ಟುಕೊಟ್ಟು, ತಲೆ ಎತ್ತಿಕೊಂಡು ಮನೆಗೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

"ಅವಳಿಗೂ ಹೆಮ್ಮೆ ಇತ್ತಲ್ಲ, ಗುರುಗಳೇ" ಎಂದನು.

"ಇತ್ತು. ನಿನ್ನ ಹೆಮ್ಮೆಯ ಬದಿಗಳನ್ನೂ ಎಳೆದು ಕಟ್ಟು, ಒಳಗೆ ನಿಲ್ಲಲು ನೆಲವಿದೆಯೇ ನೋಡೋಣ."