ಇಬ್ಬರು ನೋಡುವ ದೂರ

ಜಪಾನಿ ಭಾಷೆ ಕಲಿಯಬೇಕೆಂದು ಹೊಳೆದಂಡೆಯ ಆ ಆಶ್ರಮಕ್ಕೆ ಬಂದವಳು ಅಂಬುಜಾಕ್ಷಿ ಒಬ್ಬಳೇ. ಉಳಿದವರೆಲ್ಲ ಮೋಕ್ಷ ಕೇಳಿಕೊಂಡು ಬರುತ್ತಿದ್ದರು.

ಅಲ್ಲಿನ ಮಾದಪ್ಪ ಗುರುಗಳು ಹರೆಯದಲ್ಲಿ ಧ್ಯಾನ ಕಲಿಯಲು ಜಪಾನಿಗೆ ಹೋದವರು. ಅಲ್ಲೊಂದು ಮಠದ ಅಂಗಳ ಗುಡಿಸುತ್ತಾ ಇಪ್ಪತ್ತೆರಡು ವರ್ಷ ಕಳೆದು ವಾಪಸು ಬಂದರು. ಏನು ಕಲಿತು ಬಂದಿರಿ ಎಂದು ಕೇಳಿದವರಿಗೆ "ಗುಡಿಸೋದು" ಎನ್ನುತ್ತಿದ್ದರು. ಸುತ್ತ ಹತ್ತೂರಿನಲ್ಲಿ ಆ ಭಾಷೆ ಬಲ್ಲವರು ಅವರೊಬ್ಬರೇ.

"ನಿನಗ್ಯಾಕಮ್ಮ ಜಪಾನಿ?" ಎಂದರು ಗುರುಗಳು.

"ನಮ್ಮಕ್ಕನ ಮಗಳು ಬರ್ತಾ ಇದ್ದಾಳೆ ಗುರುಗಳೇ. ಮಿಯೊ ಅಂತ. ಎಂಟು ವರ್ಷ. ಕನ್ನಡ ಬರಲ್ವಂತೆ."

"ಅಕ್ಕ ಬರಲ್ವಾ?"

"ಅಕ್ಕ ತೀರ್ಕೊಂಡು ವರ್ಷ ಆಯ್ತು."

ಗುರುಗಳು ಪೊರಕೆ ಕೆಳಗಿಟ್ಟು ಕೂತರು. ಅಂಬುಜ ನಿಂತೇ ಹೇಳಿದಳು.

ಅಕ್ಕನ ಹೆಸರು ವನಜಾಕ್ಷಿ. ಊರಿಗೆ ರೇಷ್ಮೆ ಹುಳು ಸಾಕುವ ಹೊಸ ವಿಧಾನ ಕಲಿಸಲು ಜಪಾನಿನವನೊಬ್ಬ ಬಂದಿದ್ದ. ಕೆಂಜಿ ಎಂದು ಹೆಸರು. ಅವನನ್ನೇ ಮದುವೆಯಾಗುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಅಪ್ಪ ಕೂಗಾಡಿದರು, ಅಮ್ಮ ಊಟ ಬಿಟ್ಟರು. ಅಂಬುಜ ಇಬ್ಬರಿಗಿಂತ ಹೆಚ್ಚು ಮುನಿಸಿಕೊಂಡಳು. ತನ್ನನ್ನು ಬಿಟ್ಟು ಹೋಗುತ್ತಾಳಲ್ಲ ಎಂಬುದೇ ಅವಳ ಸಂಕಟ. ಹೊರಡುವ ದಿನ ಅಕ್ಕ ಹೊಸಿಲಲ್ಲಿ ನಿಂತು ಎರಡು ಸಲ ಕೂಗಿದಳು. ಅಂಬುಜ ಅಡುಗೆಮನೆಯಿಂದ ಆಚೆ ಬರಲಿಲ್ಲ.

ಆಮೇಲೆ ಹನ್ನೊಂದು ವರ್ಷ ಕಾಗದವೂ ಇಲ್ಲ, ಫೋನೂ ಇಲ್ಲ. ಅಪ್ಪ ಹೋದರು, ಅಮ್ಮ ಹೋದರು. ಕೊನೆಗೆ ಅಕ್ಕ ಹೋದ ಸುದ್ದಿ ಬಂತು. ಈಗ ಬಾವ ಕೆಲಸದ ಮೇಲೆ ಈ ಕಡೆ ಬರುತ್ತಾನಂತೆ, ಹತ್ತು ದಿನ ಮಗುವನ್ನು ಚಿಕ್ಕಮ್ಮನ ಹತ್ತಿರ ಬಿಡುತ್ತಾನಂತೆ.

"ಆ ಮಗುನ ಒಂದೇ ಒಂದು ಮಾತು ಕೇಳ್ಬೇಕು. ನಿಮ್ಮಮ್ಮ ನನ್ನ ನೆನೆಸ್ಕೋತಿದ್ಲಾ ಅಂತ."

"ಬಾವನ್ನೇ ಕೇಳಬಹುದಲ್ಲ?"

"ಅವನನ್ನ ಕೇಳೋಕೆ ನನಗೆ ಯಾವ ಮುಖ ಇದೆ?"

ಗುರುಗಳು ಮತ್ತೆ ಪೊರಕೆಗೆ ಕೈ ಹಾಕಿದರು.

"ಆ ಒಂದು ವಾಕ್ಯ ಹೇಳಿಕೊಡಿ, ಸಾಕು. ಬಾಯಿಪಾಠ ಮಾಡ್ಕೋತೀನಿ."

"ಅವಳು ಉತ್ತರ ಕೊಟ್ಟರೆ?"

ಅಂಬುಜ ಅದನ್ನು ಯೋಚಿಸಿಯೇ ಇರಲಿಲ್ಲ.

"ಅವಳು ಬರೋಕೆ ಎಷ್ಟು ದಿನ ಇದೆ?"

"ನಲವತ್ತು ದಿನ."

"ಮೂರು ಪದ ಹೇಳಿಕೊಡ್ತೀನಿ. ನಾಳೆ ಬಾ. ಇಲ್ಲಿ ಪಾಠಕ್ಕೆ ಮೊದಲು ಕೆಲಸ ಇರುತ್ತೆ, ಬೇಳೆ ಆರಿಸೋಕೆ ಮೊರ ತಗೊಂಡು ಬಾ."

ನಲವತ್ತು ದಿನಕ್ಕೆ ಮೂರು ಪದವೇ ಎಂದು ಅಂಬುಜನಿಗೆ ಸಿಟ್ಟು ಬಂತು. ಆದರೂ ಬಂದಳು. ಬೇರೆ ಗತಿಯೂ ಇರಲಿಲ್ಲ.

ಮಾರನೆಯ ದಿನ ಗುರುಗಳು ಅವಳ ಅಂಗೈಯಲ್ಲಿ ಒಂದು ಬೆಣಚುಕಲ್ಲು ಇಟ್ಟರು.

"ಇದು ನಿನ್ನ ಹತ್ತಿರ ಇದೆ. ನೀನು ಇದನ್ನ ಕೊರೆ ಅನ್ನಬೇಕು."

ಕಲ್ಲನ್ನು ತಮ್ಮ ಕೈಗೆ ತೆಗೆದುಕೊಂಡರು. "ಈಗ ನನ್ನ ಹತ್ತಿರ. ಈಗ ನೀನು ಇದನ್ನ ಸೊರೆ ಅನ್ನಬೇಕು."

ಆಚೆ ದಡದ ಬಂಡೆಯತ್ತ ಕೈ ತೋರಿಸಿದರು. "ನನಗೂ ದೂರ, ನಿನಗೂ ದೂರ. ಅದು ಅರೆ."

"ನಮಗೆ ಇದು, ಅದು ಅಂತ ಎರಡರಲ್ಲೇ ಬದುಕು ಸಾಗುತ್ತಲ್ಲ ಗುರುಗಳೇ."

"ಸಾಗುತ್ತೆ. ಅವರಿಗೆ ಮೂರು ಬೇಕಾಯ್ತು."

ಅಂಬುಜ ಮನೆಗೆ ಹೋದವಳೇ ಕೆಲಸಕ್ಕೆ ಇಳಿದಳು. ಅವಳು ಯಾವುದನ್ನೂ ಅರ್ಧಂಬರ್ಧ ಮಾಡುವ ಹೆಂಗಸಲ್ಲ. ಮಗನ ಹಳೆಯ ನೋಟ್‌ಬುಕ್ಕು ಹರಿದು ಚೀಟಿ ಮಾಡಿದಳು, ಮೈದಾ ಅಂಟು ಕಾಯಿಸಿದಳು, ಮನೆ ತುಂಬಾ ಅಂಟಿಸಿದಳು. ತಾನು ದಿನವಿಡೀ ನಿಲ್ಲುವ ಒಲೆಗೆ ಕೊರೆ. ಅಕ್ಕನ ಮಗು ಬಂದರೆ ಮಲಗುವ ಮಂಚಕ್ಕೆ ಸೊರೆ. ಹಿತ್ತಲಾಚೆಯ ಹುಣಸೆಮರಕ್ಕೆ ಅರೆ. ಗಂಡ ಸಂಜೆ ಮನೆಗೆ ಬಂದು ತನ್ನ ಕುರ್ಚಿಯ ಮೇಲಿನ ಚೀಟಿ ನೋಡಿ, ಕೂರಬಹುದೋ ಬೇಡವೋ ಎಂದು ತಿಳಿಯದೆ ನಿಂತೇ ಕಾಫಿ ಕುಡಿದ.

ಮಾರನೆಯ ಬೆಳಿಗ್ಗೆ ಮೊರದಲ್ಲಿ ಬೇಳೆ ಆರಿಸುತ್ತಾ ಇದನ್ನೆಲ್ಲ ಹೆಮ್ಮೆಯಿಂದ ಗುರುಗಳಿಗೆ ಒಪ್ಪಿಸಿದಳು.

ಗುರುಗಳು ಬೇಳೆಯನ್ನು ಪಾತ್ರೆಗೆ ಸುರಿದು ಖಾಲಿ ಮೊರವನ್ನು ಅವಳ ಮಡಿಲಲ್ಲಿಟ್ಟರು. "ಇದೇನು?"

"ಕೊರೆ."

ಮೊರ ಕಿತ್ತುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಈಗ?"

"ಮೊರ... ಕೊರೆ. ಅಲ್ಲ, ಸೊರೆ."

"ಚೀಟಿ ಅಂಟಿಸಿದ್ದಿದ್ರೆ ಈಗ ಹರೀಬೇಕಿತ್ತು."

ಎದ್ದು ಮೆಟ್ಟಿಲಿಳಿದರು. ಮೊರವನ್ನು ಹೊಳೆಗೆ ಬಿಟ್ಟರು. ಅದು ಒಂದು ಸುತ್ತು ತಿರುಗಿ, ಸೆಳವು ಹಿಡಿದು ಹೊರಟಿತು.

"ಅಯ್ಯೋ ಗುರುಗಳೇ! ನಮ್ಮತ್ತೆ ಮೊರ!"

"ಜಪಾನಿಯಲ್ಲಿ ಕೂಗು."

"ಅರೆ! ಅರೆ!"

ಮೊರ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನೋಡುತ್ತಾ ನಿಂತರು. ಅಂಬುಜ ಮನೆಗೆ ಹೋಗಿ ಚೀಟಿಗಳನ್ನೆಲ್ಲ ಕಿತ್ತಳು. ಮೊರ ಎಲ್ಲಿ ಎಂದು ಅತ್ತೆ ಕೇಳಿದ್ದಕ್ಕೆ ಆಶ್ರಮಕ್ಕೆ ಕೊಟ್ಟೆ ಎಂದಳು. ಅದು ಪೂರ್ತಿ ಸುಳ್ಳೇನೂ ಅಲ್ಲ.

ಹೀಗೇ ಒಂದು ತಿಂಗಳು ಹೋಯಿತು. ಕೈಗೆ ಸಿಕ್ಕಿದ್ದು, ಎದುರಿನವರ ಕೈಯಲ್ಲಿದ್ದದ್ದು, ಕಣ್ಣಿಗೆ ಕಂಡದ್ದು, ಎಲ್ಲವನ್ನೂ ಅವಳು ತಡವರಿಸದೆ ತೋರಿಸಬಲ್ಲಳಾದಳು. ನಾಲ್ಕನೆಯ ಪದ ಕೇಳಿದಾಗಲೆಲ್ಲ ಗುರುಗಳು ಪೊರಕೆ ಹಿಡಿಯುತ್ತಿದ್ದರು.

ಮಗು ಬರಲು ಹತ್ತು ದಿನ ಉಳಿದಿತ್ತು. ಅಂದು ಅಂಬುಜ ಪಾಠದ ನಡುವೆ ಪೂರ್ವದ ಕಡೆ ಕೈ ತೋರಿಸಿ, "ಅರೆ. ನಮ್ಮಕ್ಕ" ಎಂದಳು.

"ಎಲ್ಲಿ?" ಎಂದರು ಗುರುಗಳು.

"ದೂರ ಹೋದಳಲ್ಲ ಗುರುಗಳೇ. ಅವಳ ಮಾತೇ ಹೇಳ್ತಾ ಇರೋದು."

"ನಾನು ನಿಮ್ಮಕ್ಕನ್ನ ಕಂಡಿಲ್ಲವಲ್ಲ ತಾಯಿ. ಕಣ್ಮುಂದೆ ಇಲ್ಲದವರನ್ನ ಆ ಪದದಿಂದ ತೋರಿಸಬೇಕಾದ್ರೆ, ಹೇಳೋರೂ ಕಂಡಿರಬೇಕು, ಕೇಳೋರೂ ಕಂಡಿರಬೇಕು. ನನ್ನ ಹತ್ತಿರ ಅದು ನಡೆಯಲ್ಲ."

ಅಂಬುಜ ಮನಸ್ಸಿನಲ್ಲೇ ಹುಡುಕಿದಳು. ಅಪ್ಪ ಇಲ್ಲ. ಅಮ್ಮ ಇಲ್ಲ. ಗಂಡ ಅಕ್ಕನ ಮುಖ ನೋಡಿದ್ದು ಫೋಟೋದಲ್ಲಿ. ವನಜಾಕ್ಷಿ ಯಾರೆಂದು ಊರಿನವರು ಬಲ್ಲರು. ಆದರೆ ನಿದ್ದೆಯಲ್ಲಿ ನಗುತ್ತಿದ್ದ, ಉಪ್ಪಿನಕಾಯಿಯ ರಸ ಮಾತ್ರ ನೆಕ್ಕಿ ಹೋಳನ್ನು ತಂಗಿಯ ತಟ್ಟೆಗೆ ಹಾಕುತ್ತಿದ್ದ ಅಕ್ಕ ಅವರಿಗೆ ಗೊತ್ತಿಲ್ಲ.

"ಹಾಗಾದ್ರೆ ಯಾರ ಹತ್ತಿರ ಹೇಳ್ಲಿ? ಒಬ್ರಾದ್ರೂ ಇಲ್ವಲ್ಲ ಗುರುಗಳೇ!"

ಗುರುಗಳು ಎದ್ದು ಅಂಗಳ ಗುಡಿಸತೊಡಗಿದರು. ಅಂದು ಅವರು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ್ದನ್ನು ಅಂಬುಜ ನೋಡಲಿಲ್ಲ.

ಮಿಯೊ ಬಂದಳು.

ಹುಡುಗಿಗೆ ಅಕ್ಕನದೇ ಹಣೆ, ಅಕ್ಕನದೇ ಗಲ್ಲ. ಕಣ್ಣು ಮಾತ್ರ ಅಪ್ಪನದು. ಬಾವ ಬಾಗಿಲಲ್ಲಿ ಬಗ್ಗಿ ನಮಸ್ಕರಿಸಿದ. ಹುಳು, ಸೊಪ್ಪು, ಗೂಡು ಎನ್ನುವಷ್ಟೇ ಕನ್ನಡ ಅವನಿಗೆ ಉಳಿದಿತ್ತು. ಅಷ್ಟು ಕನ್ನಡದಲ್ಲಿ ಅಂಥ ದುಃಖ ಹೇಳಿಕೊಳ್ಳಲು ಯಾರಿಗೂ ಆಗುವುದಿಲ್ಲ. ಮಗಳ ತಲೆ ಸವರಿ ಹೊರಟುಹೋದ.

ಅಂಬುಜ ತಟ್ಟೆ ತೋರಿಸಿ ಕೊರೆ ಎಂದಳು. ಹುಡುಗಿ ತಿಂದಳು. ಹುಡುಗಿಯ ಕೈಯಲ್ಲಿದ್ದ ಪುಟ್ಟ ಚೀಲ ತೋರಿಸಿ ಸೊರೆ ಎಂದಳು. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು. ಹುಣಸೆಮರಕ್ಕೆ ಅರೆ ಎಂದಳು. ಹುಡುಗಿ ಮರದ ಕಡೆ ನೋಡಿದಳು.

ಎಂಟು ದಿನವಾದರೂ ಹುಡುಗಿ ಬಾಯಿ ಬಿಡಲಿಲ್ಲ. ಕರೆದರೆ ಬರುತ್ತಾಳೆ, ಕೊಟ್ಟರೆ ತಿನ್ನುತ್ತಾಳೆ, ಕಿಟಕಿಯ ಹತ್ತಿರ ಹೋಗಿ ಕೂರುತ್ತಾಳೆ. ಅಂಬುಜ ಅವಳ ಎದುರು ಕೂತು ಆ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಅಕ್ಕ ಏನು ತಿಂದಳು, ಯಾರ ಹತ್ತಿರ ನಕ್ಕಳು, ಎಲ್ಲವೂ ಈ ಪುಟ್ಟ ತಲೆಯೊಳಗೇ ಇದೆ. ತೆಗೆಯುವುದು ಹೇಗೆ?

ಒಂಬತ್ತನೆಯ ದಿನ ತಡೆಯಲಾರದೆ ಮಗುವಿನ ಕೈ ಹಿಡಿದು ಆಶ್ರಮಕ್ಕೆ ಬಂದಳು.

"ಗುರುಗಳೇ, ನೀವೇ ಕೇಳಿ. ನಾಳಿದ್ದು ಹೊರಟುಬಿಡ್ತಾಳೆ. ಇನ್ನು ನನ್ನಿಂದ ಆಗಲ್ಲ."

ಗುರುಗಳು ಮಗುವಿಗೆ ಬಗ್ಗಿ ನಮಸ್ಕರಿಸಿದರು. ಮಗುವೂ ಬಗ್ಗಿತು. ಅವರು ಅದರ ಭಾಷೆಯಲ್ಲಿ ಒಂದು ಮಾತೂ ಆಡಲಿಲ್ಲ. ಒಗೆಯುವ ಬಟ್ಟೆಯ ಬುಟ್ಟಿ ತಂದು ಅಂಬುಜನ ಮುಂದಿಟ್ಟರು.

"ಮೊದಲು ಕೆಲಸ."

"ಇವತ್ತೂನಾ?"

"ಇವತ್ತೇನು, ಬಟ್ಟೆ ಕೊಳೆ ಆಗಲ್ವಾ?"

ಅಂಬುಜ ಬುಟ್ಟಿ ಎತ್ತಿಕೊಂಡು ಹೊಳೆಗಿಳಿದಳು. ಬುಟ್ಟಿಯಲ್ಲಿದ್ದದ್ದು ಆಶ್ರಮದವರು ಉಡುವ ಉದ್ದುದ್ದ ಕಾವಿ ಬಟ್ಟೆ, ಆರು. ಸಿಟ್ಟನ್ನೆಲ್ಲ ಅವುಗಳ ಮೇಲೆ ತೀರಿಸಿಕೊಂಡಳು. ಕಲ್ಲಿನ ಮೇಲೆ ಬಡಿದ ಸದ್ದು ಆಚೆ ದಡಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಆರನ್ನೂ ಹಗ್ಗದ ಮೇಲೆ ಹರವಿ, ಮೆಟ್ಟಿಲ ಮೇಲೆ ಮಗುವಿನ ಪಕ್ಕ ಕೂತಳು. ಬಿಸಿಲು ಏರಿತು. ಬಟ್ಟೆ ಒಣಗಿತು.

ಆಗ ಮಿಯೊ ಎದ್ದು ನಿಂತಳು. ಕೈ ಚಾಚಿದಳು.

"ಅರೆ," ಎಂದಳು.

ಎಂಟು ದಿನ ಕಾಯ್ದ ದನಿ ಅದು. ಅಂಬುಜ ಬೆಚ್ಚಿ ಅವಳ ಬೆರಳು ಹೋದತ್ತ ನೋಡಿದಳು.

ಆಚೆ ದಡದಲ್ಲಿ ಇಬ್ಬರು ಹೆಂಗಸರು ಒಣಗಿದ ಸೀರೆ ಮಡಚುತ್ತಿದ್ದರು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಬಿಗಿಯಾಗಿ ಎಳೆದು, ಒದರಿ, ಆಮೇಲೆ ಒಬ್ಬರ ಕಡೆ ಒಬ್ಬರು ನಡೆದು ಬರುತ್ತಿದ್ದರು. ಅಷ್ಟೇ. ಯಾವ ಊರಿನ ಯಾವ ಹೊಳೆಯಲ್ಲೂ ಕಾಣುವ ಕೆಲಸ.

ಹುಡುಗಿ ಮತ್ತೆ "ಅರೆ" ಎಂದು ಅಂಬುಜನ ಮುಖ ನೋಡಿದಳು. ನಿನಗೂ ಗೊತ್ತಲ್ಲವಾ ಎನ್ನುವ ನೋಟ. ಆಮೇಲೆ ಓಡಿಹೋಗಿ ಹಗ್ಗದಿಂದ ಒಂದು ಕಾವಿ ಬಟ್ಟೆ ಎಳೆದುಕೊಂಡಳು. ಒಂದು ತುದಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದಳು. ಬಟ್ಟೆ ಬಿಗಿಯಾಯಿತು. ಎಂಟು ವರ್ಷದ ಮಗು ಅಷ್ಟು ಅಚ್ಚುಕಟ್ಟಾಗಿ ಎರಡೂ ಮೂಲೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬೇಕಾದರೆ ಯಾರೋ ಕಲಿಸಿರಲೇಬೇಕು. ಆ ಮನೆಯಲ್ಲಿ ಸೀರೆ ಉಡುತ್ತಿದ್ದವಳು, ಮಡಚಲು ಇನ್ನೊಂದು ತುದಿ ಹಿಡಿಯುವವರಿಲ್ಲದವಳು, ಒಬ್ಬಳೇ.

ಮಡಿಕೆ ಮೇಲೆ ಮಡಿಕೆ ಹಾಕುತ್ತಾ ಇಬ್ಬರೂ ಹತ್ತಿರ ಬಂದರು. ತುದಿ ತುದಿ ಸೇರಿತು. ಕೈಗೆ ಕೈ ತಾಗಿತು.

ಮಿಯೊ ತುದಿಗಾಲ ಮೇಲೆ ನಿಂತು ಚಿಕ್ಕಮ್ಮನ ಸೆರಗು ಹಿಡಿದು ಬಗ್ಗಿಸಿದಳು. ಅವಳ ಹಣೆಗೆ ತನ್ನ ಹಣೆಯನ್ನು ಮೆಲ್ಲಗೆ ಕುಟ್ಟಿದಳು.

"ಡಿಕ್ಕಿ!" ಎಂದಳು.

ಅಂಬುಜ ಮರಳಿನ ಮೇಲೆ ಕೂತುಬಿಟ್ಟಳು.

ಅದು ಅಕ್ಕ ಕಟ್ಟಿದ ಆಟ. ಅಮ್ಮನ ಸೀರೆ ಮಡಚುವಾಗ ಕೊನೆಯ ಮಡಿಕೆಯಲ್ಲಿ ಇಬ್ಬರೂ ಹಣೆ ಕುಟ್ಟಿ ಕೂಗಬೇಕು, ತಡಮಾಡಿದವಳು ಸೋತಳು. ಅಂಬುಜ ದಿನಾ ಸೋಲುತ್ತಿದ್ದಳು. ಅದನ್ನು ಕಂಡವರು ಬೇರೆ ಯಾರೂ ಇಲ್ಲ, ತಾನು ಯಾರಿಗೂ ಹೇಳಿದ್ದೂ ಇಲ್ಲ. ಅಷ್ಟು ದೂರದ ಮನೆಯಲ್ಲಿ, ಆ ಭಾಷೆಯ ನಡುವೆ, ಅಕ್ಕ ಈ ಒಂದು ಪದವನ್ನು ಮಗಳ ಬಾಯಲ್ಲಿ ಇಟ್ಟುಹೋಗಿದ್ದಳು.

ಅಂಬುಜ ಎದ್ದವಳೇ ಅಂಗಳಕ್ಕೆ ಓಡಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಗುರುಗಳೇ! ಡಿಕ್ಕಿ ಅಂದಳು! ನಮ್ಮ ಡಿಕ್ಕಿ! ಬನ್ನಿ, ಕೇಳಿ ಅವಳನ್ನ. ಅಕ್ಕ ಇನ್ನೇನೇನು ಹೇಳಿದ್ದಾಳೆ, ನನ್ನ ಹೆಸರು ಹೇಳಿದ್ದಾಳಾ, ನನ್ನ ಮೇಲೆ ಸಿಟ್ಟಿತ್ತಾ, ಎಲ್ಲಾ ಕೇಳಿ. ಇಲ್ಲಾಂದ್ರೆ ಉಳಿದ ಪದಾನೆಲ್ಲ ಈಗಲೇ ಹೇಳಿಕೊಡಿ!"

ಗುರುಗಳು ಗುಡಿಸುವುದನ್ನು ನಿಲ್ಲಿಸಿ, ಅವಳ ಹೆಗಲಾಚೆ ಹೊಳೆಯ ಕಡೆ ನೋಡಿದರು.

"ಹಗ್ಗದ ಮೇಲೆ ಇನ್ನೂ ಐದು ಬಟ್ಟೆ ಇವೆಯಲ್ಲಮ್ಮ. ಒಂದರ ತುದಿ ಹಿಡ್ಕೊಂಡು ಆ ಮಗು ಆಗಲೇ ನಿಂತಿದೆ."